ಆಪತ್ತಿನ ಹೊತ್ತಿನಲ್ಲಿ ಹೇಳುವವರು ಯಾರು, ಕೇಳುವವರು ಯಾರು?

2017ರ ಮೇ 22ರ ರಾತ್ರಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಅರೀನಾದಲ್ಲಿ ಸಂಗೀತ ಕಾರ್ಯಕ್ರಮ ಮುಗಿಸಿ ಜನ ಮನೆಗೆ ಹೊರಟಿದ್ದರು. ಹತ್ತೂವರೆಯ ಸುಮಾರಿಗೆ ಆತ್ಮಾಹುತಿ ಬಾಂಬ್ ಸಿಡಿದು 22 ಮಂದಿ ಸತ್ತರು, ನೂರಾರು ಮಂದಿ ಗಾಯಗೊಂಡರು. ಅರ್ಧ ಮೈಲಿಯಷ್ಟು ದೂರದಲ್ಲೇ ಅಗ್ನಿಶಾಮಕ ಠಾಣೆ ಇತ್ತು. ಗಾಯಾಳುಗಳನ್ನು ಹೊತ್ತು ತರುವ ಸಲಕರಣೆಯೂ ತರಬೇತಿಯೂ ಅಲ್ಲಿನ ಸಿಬ್ಬಂದಿಗೆ ಇದ್ದವು. ಆದರೆ ಅವರನ್ನು ಸ್ಥಳಕ್ಕೆ ಕಳಿಸದೆ ಸುಮಾರು 3 ಮೈಲಿ ಆಚೆಗಿನ ಇನ್ನೊಂದು ಠಾಣೆಯಲ್ಲಿ ಸೇರಲು ಹೇಳಲಾಯಿತು. ಸ್ಫೋಟವಾಗಿ ಎರಡು ಗಂಟೆ ದಾಟಿದ ಮೇಲೆಯೇ ಅಗ್ನಿಶಾಮಕ ದಳ ಅರೀನಾ ಮುಟ್ಟಿದ್ದು. ಅಷ್ಟರೊಳಗೆ ಪೊಲೀಸರೂ ಸಾರ್ವಜನಿಕರೂ ಸೇರಿ ಜಾಹೀರಾತು ಫಲಕ, ಬ್ಯಾರಿಕೇಡು, ಮೇಜು ಹೀಗೆ ಕೈಗೆ ಸಿಕ್ಕಿದ್ದರ ಮೇಲೆಲ್ಲ ಗಾಯಾಳುಗಳನ್ನು ಮಲಗಿಸಿ ಹೊತ್ತು ತಂದಿದ್ದರು.

ಈ ಘಟನೆಯ ತುರ್ತು ಸೇವೆಗಳ ಬಗ್ಗೆ ವಿಚಾರಣಾ ಆಯೋಗದ ವರದಿ 2022ರ ನವೆಂಬರ್‌ನಲ್ಲಿ ಹೊರಬಂತು. ಓದಿದರೆ ಹೊಟ್ಟೆ ಉರಿಯುತ್ತದೆ. ಆ ರಾತ್ರಿ ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ಪಾಳಿಯಲ್ಲಿದ್ದ ಒಬ್ಬ ಅಧಿಕಾರಿಯ ತಲೆ ಮೇಲೆ ಎಲ್ಲವೂ ಬಿದ್ದಿತ್ತು. ಸಶಸ್ತ್ರ ಪೊಲೀಸರನ್ನು ಕಳಿಸುವುದು, ಮೇಲಧಿಕಾರಿಗಳಿಗೆ ತಿಳಿಸುವುದು, ಉಳಿದ ಸೇವೆಗಳಿಗೆ ಸುದ್ದಿ ಮುಟ್ಟಿಸುವುದು ಎಲ್ಲಕ್ಕೂ ಅವರೇ. ಬಂದೂಕುಧಾರಿಗಳ ದಾಳಿಯೂ ನಡೆಯುತ್ತಿರಬಹುದೆಂದು ಅವರು 10.47ಕ್ಕೆ ವಿಶೇಷ ಕಾರ್ಯಾಚರಣೆ ಘೋಷಿಸಿದರು. ಆಂಬುಲೆನ್ಸ್ ಸೇವೆಗೂ ಅಗ್ನಿಶಾಮಕ ದಳಕ್ಕೂ ಆ ಸುದ್ದಿ ಸಮಯಕ್ಕೆ ತಲುಪಲಿಲ್ಲ. ಮೂರು ಸೇವೆಗಳ ಮುಖ್ಯಸ್ಥರು ಸ್ಥಳದಲ್ಲಿ ಒಂದೆಡೆ ನಿಂತು ಮಾತಾಡಲಿಲ್ಲ. ರಕ್ಷಣಾ ಕಾರ್ಯ ಸರಿಯಾಗಿ ನಡೆದಿದ್ದರೆ ಮೃತರಲ್ಲಿ ಒಬ್ಬರು ಬಹುಶಃ ಬದುಕುತ್ತಿದ್ದರು ಎಂದು ಆಯೋಗ ತೀರ್ಮಾನಿಸಿತು.

ತುರ್ತು ಸೇವೆಗಳು ಒಟ್ಟಾಗಿ ಕೆಲಸ ಮಾಡಲಿ ಎಂದೇ ಬ್ರಿಟನ್ನು 2012ರಿಂದ ‘ಜೆಸಿಪ್’ ಎಂಬ ಕಾರ್ಯಕ್ರಮ ನಡೆಸುತ್ತಿತ್ತು. ಒಂದೆಡೆ ಸೇರಿ, ಮಾತಾಡಿ, ಕೆಲಸ ಹಂಚಿಕೊಳ್ಳಿ, ಅಪಾಯವನ್ನು ಒಟ್ಟಾಗಿ ಅಳೆಯಿರಿ, ಎಲ್ಲರಿಗೂ ಒಂದೇ ಚಿತ್ರಣ ಇರಲಿ ಎಂಬ ಐದು ತತ್ವಗಳನ್ನು ಅಧಿಕಾರಿಗಳು ತರಬೇತಿಯಲ್ಲಿ ಕಲಿತಿದ್ದರು. ಹಿಂದಿನ ವರ್ಷವೇ ದೊಡ್ಡ ಅಣಕು ಕಾರ್ಯಾಚರಣೆ ನಡೆದಿತ್ತು. ಪಾಳಿ ಅಧಿಕಾರಿಯ ಮೇಲೆ ಹೊರೆ ಹೆಚ್ಚಾಗಿ ಸಂವಹನ ಕಡಿದುಹೋಗುತ್ತದೆ ಎಂಬುದು ಆಗಲೇ ಕಂಡಿತ್ತು. ಜನರಿದ್ದರು, ಸಲಕರಣೆ ಇತ್ತು, ನಿಯಮ ಇತ್ತು, ಎಚ್ಚರಿಕೆಯೂ ಸಿಕ್ಕಿತ್ತು. ಇಷ್ಟೆಲ್ಲ ಇದ್ದೂ ಕೈಕೊಟ್ಟದ್ದು ಯಾಕೆ ಎಂಬುದೇ ತುರ್ತು ನಿರ್ವಹಣೆಯ ಬಗ್ಗೆ ಯೋಚಿಸುವವರೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆ. ಐವತ್ತು ವರ್ಷಗಳಿಂದ ಈ ಪ್ರಶ್ನೆಯ ಸುತ್ತ ದೊಡ್ಡ ಶಾಸ್ತ್ರವೇ ಬೆಳೆದಿದೆ. ಅದರಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು, ನಮ್ಮ ಜಿಲ್ಲೆಗಳಿಗೆ ಒಗ್ಗುವುದು ಎಷ್ಟು ಎಂದು ನೋಡುವುದು ಇಲ್ಲಿನ ಉದ್ದೇಶ.

ಈ ಶಾಸ್ತ್ರ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿನಲ್ಲಿ. 1970ರ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾದ ಬೆಂಕಿ 13 ದಿನ ಉರಿಯಿತು. 16 ಮಂದಿ ಸತ್ತರು, 700ಕ್ಕೂ ಹೆಚ್ಚು ಮನೆಗಳು ಬೂದಿಯಾದವು, ಐದು ಲಕ್ಷ ಎಕರೆಗೂ ಹೆಚ್ಚು ಪ್ರದೇಶ ಸುಟ್ಟಿತು. ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾದದ್ದು, ಅಗ್ನಿಶಾಮಕರ ಕೆಲಸದಲ್ಲಿ ಕೊರತೆಯಿರಲಿಲ್ಲ, ಕೆಲಸವನ್ನು ಜೋಡಿಸುವುದರಲ್ಲಿತ್ತು. ಕೇಂದ್ರದ ಅರಣ್ಯ ಇಲಾಖೆ, ರಾಜ್ಯದ ಅರಣ್ಯ ಇಲಾಖೆ, ಕೌಂಟಿ, ನಗರ ಹೀಗೆ ಒಂದೊಂದು ದಳಕ್ಕೂ ಒಂದೊಂದು ಪದ್ಧತಿ. ಒಬ್ಬರ ರೇಡಿಯೋ ಇನ್ನೊಬ್ಬರಿಗೆ ಕೇಳಿಸದು. ಒಂದೇ ಹೆಸರಿನ ಸಲಕರಣೆ ಒಂದು ಊರಲ್ಲಿ ಒಂದು, ಇನ್ನೊಂದು ಊರಲ್ಲಿ ಬೇರೊಂದು. ಒಬ್ಬ ಮುಖ್ಯಸ್ಥನಿಗೆ ಹತ್ತಾರು ಮಂದಿ ವರದಿ ಒಪ್ಪಿಸುತ್ತಿದ್ದರು. ಇದನ್ನು ಸರಿಪಡಿಸಲು ಅಮೆರಿಕದ ಸಂಸತ್ತು ಹಣ ಕೊಟ್ಟಿತು. ‘ಫೈರ್‌ಸ್ಕೋಪ್’ ಎಂಬ ಯೋಜನೆ ಶುರುವಾಯಿತು. ಅದರಿಂದ ಹೊರಬಂದದ್ದೇ ‘ಇನ್ಸಿಡೆಂಟ್ ಕಮಾಂಡ್ ಸಿಸ್ಟಮ್’, ಅಂದರೆ ಘಟನಾ ಸ್ಥಳದ ಆಡಳಿತ ವ್ಯವಸ್ಥೆ. ಇಂದು ಜಗತ್ತಿನ ಬಹುಪಾಲು ತುರ್ತು ವ್ಯವಸ್ಥೆಗಳ ಮೇಲೆ, ನಮ್ಮದೂ ಸೇರಿದಂತೆ, ಇದರ ನೆರಳಿದೆ.

ಇದರ ತಿರುಳು ಅನುಭವದಿಂದ ಬಂದದ್ದು. ಒಬ್ಬ ಮನುಷ್ಯ ಗಾಬರಿಯ ಹೊತ್ತಿನಲ್ಲಿ ಎಷ್ಟು ಜನರ ಕೆಲಸವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬಲ್ಲ? ಈ ವ್ಯವಸ್ಥೆ ಮೂರರಿಂದ ಏಳು ಎನ್ನುತ್ತದೆ, ಐದಾದರೆ ಒಳ್ಳೆಯದು. ಎಂಟನೆಯವರು ಸೇರಿಕೊಂಡ ಕೂಡಲೇ ನಡುವೆ ಇನ್ನೊಬ್ಬ ಮೇಲ್ವಿಚಾರಕ ಬರಬೇಕು. ಇದು ಕಚೇರಿಯ ಶ್ರೇಣಿಯನ್ನು ಬೆಳೆಸುವ ಚಪಲ ಅಲ್ಲ. ನಲವತ್ತು ಫೋನ್ ಕರೆಗಳನ್ನು ಒಬ್ಬರೇ ಎತ್ತಬೇಕಾದಾಗ ನಲವತ್ತೊಂದನೆಯದರಲ್ಲಿ ಬಂದ ಮುಖ್ಯ ಸುದ್ದಿ ಕಳೆದುಹೋಗುತ್ತದೆ. ಮ್ಯಾಂಚೆಸ್ಟರಿನಲ್ಲಿ ಆದದ್ದು ಇದೇ.

ಇನ್ನೊಂದು ತತ್ವ, ಪ್ರತಿಯೊಬ್ಬನಿಗೂ ಮೇಲಿನವರು ಒಬ್ಬರೇ. ನಮ್ಮ ಕಡೆ ಪ್ರವಾಹದ ಹೊತ್ತಿನಲ್ಲಿ ಗ್ರಾಮ ಆಡಳಿತ ಅಧಿಕಾರಿಯೊಬ್ಬರ ಪಾಡು ನೋಡಿದವರಿಗೆ ಇದರ ಬೆಲೆ ಗೊತ್ತು. ತಹಶೀಲ್ದಾರರು ಕಾಳಜಿ ಕೇಂದ್ರಕ್ಕೆ ಅಕ್ಕಿ ಸಾಗಿಸಿ ಎನ್ನುತ್ತಾರೆ, ಅದೇ ಹೊತ್ತಿಗೆ ಉಪವಿಭಾಗಾಧಿಕಾರಿ ಮುಳುಗಿದ ಮನೆಗಳ ಪಟ್ಟಿ ಕೇಳುತ್ತಾರೆ, ಶಾಸಕರ ಕಡೆಯವರು ಸೇತುವೆ ಹತ್ತಿರ ಬನ್ನಿ ಎನ್ನುತ್ತಾರೆ. ಆ ಮನುಷ್ಯ ಮೂರೂ ಕಡೆ ಓಡಿ ಯಾವ ಕೆಲಸವನ್ನೂ ಮುಗಿಸಲಾಗದೆ ಮೂವರಿಂದಲೂ ಬೈಸಿಕೊಳ್ಳುತ್ತಾನೆ. ಒಬ್ಬರ ಮಾತನ್ನಷ್ಟೇ ಕೇಳಬೇಕು, ಉಳಿದವರು ಆ ಒಬ್ಬರ ಮೂಲಕವೇ ಹೇಳಿಸಬೇಕು ಎಂಬ ಸರಳ ನಿಯಮ ಅವನನ್ನೂ, ಅವನನ್ನು ನಂಬಿದ ಊರನ್ನೂ ಉಳಿಸುತ್ತದೆ.

ಉಳಿದವುಗಳಲ್ಲಿ ಕೆಲವನ್ನು ಬೇಗ ಹೇಳಿ ಮುಗಿಸಬಹುದು. ರೇಡಿಯೋದಲ್ಲಿ ಗುಪ್ತ ಸಂಕೇತ ಬೇಡ, ಸಾದಾ ಮಾತು ಸಾಕು. ಬಂದ ವಾಹನಗಳೆಲ್ಲ ನೇರ ಸ್ಥಳಕ್ಕೆ ನುಗ್ಗಬಾರದು, ಸ್ವಲ್ಪ ದೂರದ ಮೈದಾನದಲ್ಲಿ ನಿಂತು ಹೆಸರು ಬರೆಸಿ ಕರೆದಾಗ ಬರಬೇಕು. ಕಮಾಂಡರನ ಕೆಳಗೆ ಕಾರ್ಯಾಚರಣೆ, ಯೋಜನೆ, ಸರಬರಾಜು ಹೀಗೆ ವಿಭಾಗಗಳು. ಘಟನೆ ಚಿಕ್ಕದಾದರೆ ಒಬ್ಬರೇ ಎಲ್ಲವನ್ನೂ ಮಾಡಬಹುದು. ದೊಡ್ಡದಾದ ಹಾಗೆ ವಿಭಾಗಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಇಷ್ಟು ಹೊತ್ತಿನೊಳಗೆ ಇಷ್ಟು ಕೆಲಸ ಎಂಬ ಗುರಿ ಬರಹದಲ್ಲಿರಬೇಕು. ಸುರಕ್ಷತಾ ಅಧಿಕಾರಿ ಎಂಬ ಒಂದು ಹುದ್ದೆ ಮಾತ್ರ ನಿಂತು ನೋಡುವಂಥದು. ರಕ್ಷಕರ ಜೀವಕ್ಕೇ ಅಪಾಯ ಎಂದು ಕಂಡರೆ ಯಾರನ್ನೂ ಕೇಳದೆ ಕೆಲಸ ನಿಲ್ಲಿಸುವ ಅಧಿಕಾರ ಆ ವ್ಯಕ್ತಿಗಿದೆ. ಗುಡ್ಡ ಮತ್ತೆ ಜರಿಯುವ ಸೂಚನೆ ಇದ್ದಾಗ, ಅರ್ಧ ಬಿದ್ದ ಕಟ್ಟಡದ ಕಂಬ ಅಲುಗಿದಾಗ, ಸುತ್ತ ನೆರೆದ ಸಾವಿರ ಜನ ಬೇಗ ತೆಗೆಯಿರಿ ಎಂದು ಕೂಗುತ್ತಿರುವಾಗ ‘ಹಿಂದೆ ಬನ್ನಿ’ ಎನ್ನುವ ಎದೆಗಾರಿಕೆ ಬೇಕಾಗುತ್ತದೆ. ಅದಕ್ಕೆ ಕಾಗದದ ಬಲ ಇರಲೇಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅಧಿಕಾರ ಕೈಬದಲಿಸುವ ಕ್ರಮ. ಮೊದಲು ಸ್ಥಳಕ್ಕೆ ಬಂದವರು, ಅವರು ಒಬ್ಬ ಸಾಮಾನ್ಯ ಅಗ್ನಿಶಾಮಕ ಠಾಣಾಧಿಕಾರಿಯೇ ಇರಲಿ, ಆ ಹೊತ್ತಿಗೆ ಅವರೇ ಕಮಾಂಡರ್. ಆಮೇಲೆ ದೊಡ್ಡ ಅಧಿಕಾರಿ ಬಂದ ಮಾತ್ರಕ್ಕೆ ಅಧಿಕಾರ ತಾನಾಗಿ ಅವರಿಗೆ ಹೋಗುವುದಿಲ್ಲ. ಬಂದವರು ಮೊದಲು ಪಕ್ಕದಲ್ಲಿ ನಿಂತು ಕೇಳಬೇಕು. ಏನಾಯಿತು, ಈವರೆಗೆ ಏನು ಮಾಡಿದ್ದೇವೆ, ಯಾರು ಎಲ್ಲಿದ್ದಾರೆ, ಒಳಗೆ ಎಷ್ಟು ಜನ ಸಿಕ್ಕಿಕೊಂಡಿರಬಹುದು, ಏನು ಕೇಳಿದ್ದೇವೆ, ಏನು ಇನ್ನೂ ಬಂದಿಲ್ಲ, ಎಲ್ಲಿ ಅಪಾಯವಿದೆ. ನಕ್ಷೆಯ ಮೇಲೆ ಬೆರಳಿಟ್ಟು ಐದು ನಿಮಿಷದಲ್ಲಿ ಇದಿಷ್ಟನ್ನು ಹೇಳಬಹುದು. ಆಮೇಲೆ, ಇಷ್ಟು ಗಂಟೆಯಿಂದ ಕಮಾಂಡ್ ಇಂಥವರದ್ದು ಎಂದು ರೇಡಿಯೋದಲ್ಲಿ ಎಲ್ಲರಿಗೂ ಸಾರಬೇಕು. ಬಂದವರಿಗೆ ಬೇಡವೆನಿಸಿದರೆ, ‘ನೀವೇ ಮುಂದುವರಿಸಿ’ ಎಂದು ಹೇಳಿ ಸುಮ್ಮನಿರಲೂಬಹುದು. ನಮ್ಮಲ್ಲಿ ಆಗುವುದೇನು? ಸಾಹೇಬರ ಕಾರು ಬಂದ ಕೂಡಲೇ ಕೆಲಸ ನಡೆಸುತ್ತಿದ್ದವರು ಅದನ್ನು ಬಿಟ್ಟು ಸೆಲ್ಯೂಟ್ ಹೊಡೆಯಲು ಓಡುತ್ತಾರೆ. ಸಾಹೇಬರು ಅರ್ಧ ಕೇಳಿ ಒಂದು ಆದೇಶ ಕೊಡುತ್ತಾರೆ. ಅರ್ಧ ಗಂಟೆಗೆ ಇನ್ನೂ ದೊಡ್ಡ ಸಾಹೇಬರು ಬರುತ್ತಾರೆ. ಪ್ರತಿ ಸಲವೂ ಕೆಲಸದ ಎಳೆ ಕಡಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಒಂದೇ ದಳದ ಒಳಗಾದರೆ ಇದಿಷ್ಟು ಸಾಕು. ಬೇರೆ ಬೇರೆ ಇಲಾಖೆ, ಬೇರೆ ಬೇರೆ ಸರ್ಕಾರ ಸೇರಿದಾಗ ಯಾರು ಯಾರಿಗೆ ಆದೇಶ ಕೊಡಬೇಕು? ಸೇನೆಯ ತುಕಡಿಗೆ ತಹಶೀಲ್ದಾರರು ಆದೇಶ ಕೊಡುವಂತಿಲ್ಲ, ಆಸ್ಪತ್ರೆಯ ವೈದ್ಯರಿಗೆ ಪೊಲೀಸ್ ಅಧಿಕಾರಿ ಕೊಡುವಂತಿಲ್ಲ. ಇದಕ್ಕೆ ಕಂಡುಕೊಂಡ ದಾರಿ ‘ಯೂನಿಫೈಡ್ ಕಮಾಂಡ್’, ಅಂದರೆ ಜಂಟಿ ನಾಯಕತ್ವ. ಪ್ರತಿ ಇಲಾಖೆಯ ಮುಖ್ಯಸ್ಥರು ಒಂದೇ ಮೇಜಿನ ಸುತ್ತ ಕೂತು ಒಂದೇ ಯೋಜನೆ ಒಪ್ಪುತ್ತಾರೆ. ತಮ್ಮ ತಮ್ಮ ಸಿಬ್ಬಂದಿಗೆ ಆದೇಶವನ್ನು ಅವರವರೇ ಕೊಡುತ್ತಾರೆ.

2001ರ ಸೆಪ್ಟೆಂಬರ್ 11ರಂದು ಈ ತತ್ವ ಇದ್ದಲ್ಲಿ ಏನಾಯಿತು, ಇಲ್ಲದಲ್ಲಿ ಏನಾಯಿತು ಎಂಬುದು ಎರಡು ಊರುಗಳಲ್ಲಿ ಒಂದೇ ದಿನ ಕಂಡಿತು. ನ್ಯೂಯಾರ್ಕಿನಲ್ಲಿ ಅಗ್ನಿಶಾಮಕ ಇಲಾಖೆಯ ಮುಖ್ಯ ಕಮಾಂಡ್ ಒಂದು ರಸ್ತೆಯಲ್ಲಿತ್ತು, ಪೊಲೀಸರದ್ದು ಬೇರೊಂದು ಮೂಲೆಯಲ್ಲಿ. ಎರಡೂ ಇಲಾಖೆಗಳ ನಡುವಿನ ಜಗಳ ಹಳೆಯದು. ಯಾವ ಬಗೆಯ ಘಟನೆಯಲ್ಲಿ ಯಾರ ನಾಯಕತ್ವ ಎಂದು ಗೊತ್ತುಮಾಡುವ ಆದೇಶಕ್ಕೆ ಮೇಯರ್ ಆ ಜುಲೈನಲ್ಲಷ್ಟೇ ಸಹಿ ಹಾಕಿದ್ದರು. ದಕ್ಷಿಣದ ಗೋಪುರ 9.59ಕ್ಕೆ ಕುಸಿಯಿತು. ಉತ್ತರದ ಗೋಪುರವೂ ಉಳಿಯುವಂತಿಲ್ಲ ಎಂದು ಪೊಲೀಸ್ ಹೆಲಿಕಾಪ್ಟರಿನಿಂದ ಎಚ್ಚರಿಕೆ ಬಂತು. ಪೊಲೀಸರ ರೇಡಿಯೋದಲ್ಲಿ ಬಂದ ಆ ಮಾತು ಗೋಪುರದ ಒಳಗಿದ್ದ ಅಗ್ನಿಶಾಮಕರಿಗೆ ಕೇಳಲಿಲ್ಲ. 10.28ಕ್ಕೆ ಅದೂ ಕುಸಿಯಿತು. ಅಂದು 343 ಅಗ್ನಿಶಾಮಕರು ಸತ್ತರು. ಅಷ್ಟೂ ಸಾವಿಗೆ ಸಮನ್ವಯದ ಕೊರತೆಯೇ ಕಾರಣ ಎನ್ನಲಾಗದು. ಕುಸಿತದ ಸುಳಿವು ಸಿಕ್ಕವರೇ ಕಡಿಮೆ, ಹೊರಬರುವಂತೆ ಕೇಳಿಸಿಕೊಂಡವರಲ್ಲೂ ಜೊತೆಗಾರರಿಗಾಗಿ ನಿಂತವರಿದ್ದರು. ಆದರೆ ಒಂದು ಇಲಾಖೆಗೆ ಗೊತ್ತಿದ್ದದ್ದು ಇನ್ನೊಂದಕ್ಕೆ ಗೊತ್ತಾಗಲಿಲ್ಲ ಎಂಬುದು ನಿಜ.

ವಾಷಿಂಗ್ಟನ್ ಪಕ್ಕದ ಪೆಂಟಗನ್ ಕಟ್ಟಡಕ್ಕೂ ಅಂದೇ ವಿಮಾನ ಬಡಿಯಿತು. ಅಲ್ಲಿ ಆರ್ಲಿಂಗ್ಟನ್ ಕೌಂಟಿಯ ಅಗ್ನಿಶಾಮಕ ದಳ ಕೆಲವೇ ನಿಮಿಷಗಳಲ್ಲಿ ಕಮಾಂಡ್ ವಹಿಸಿತು. ಸೇನೆಯ ಕೇಂದ್ರ ಕಚೇರಿಯ ಅಂಗಳದಲ್ಲಿ ಒಂದು ಕೌಂಟಿಯ ಅಗ್ನಿಶಾಮಕ ಅಧಿಕಾರಿಯ ಮಾತಿಗೆ ಸೇನೆಯೂ ತನಿಖಾ ದಳ ಎಫ್‌ಬಿಐಯೂ ಒಪ್ಪಿ ನಡೆದವು. ಮೂರು ಸಲ ಎಲ್ಲರನ್ನೂ ಹಿಂದಕ್ಕೆ ಕರೆಸಬೇಕಾಯಿತು, ಮೂರು ಸಲವೂ ಕೆಲಸ ಕ್ರಮವಾಗಿ ನಡೆಯಿತು. ಅದಕ್ಕೆ 9/11 ಆಯೋಗ ಕೊಟ್ಟ ಕಾರಣಗಳು ಗಮನಿಸಬೇಕಾದವು: ಘಟನಾ ಆಡಳಿತ ವ್ಯವಸ್ಥೆ ಆ ಪ್ರದೇಶದಲ್ಲಿ ಮೊದಲೇ ರೂಢಿಯಲ್ಲಿತ್ತು, ಅಧಿಕಾರಿಗಳಿಗೆ ಪರಸ್ಪರ ಪರಿಚಯವಿತ್ತು, ಒಟ್ಟಾಗಿ ಅಭ್ಯಾಸ ಮಾಡಿದ್ದರು. ನ್ಯೂಯಾರ್ಕಿನ ಘಟನೆ ಇದಕ್ಕಿಂತ ಬಹಳ ದೊಡ್ಡದು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದೂ ಆಯೋಗವೇ ಹೇಳಿದೆ. ಆದರೂ ‘ಪರಿಚಯವಿತ್ತು’ ಎಂಬ ಆ ಮಾತನ್ನು ನಾನು ಬಹಳ ದೊಡ್ಡದಾಗಿ ಓದಿಕೊಳ್ಳುತ್ತೇನೆ. ನ್ಯೂಯಾರ್ಕಿನಲ್ಲಿ ಸಹಿಯಾದ ಕಾಗದ ಇತ್ತು, ಆರ್ಲಿಂಗ್ಟನ್ನಿನಲ್ಲಿ ವರ್ಷಗಳ ಒಡನಾಟ ಇತ್ತು.

ನಮ್ಮ ದೇಶಕ್ಕೆ ಬರೋಣ. 1999ರ ಒಡಿಶಾ ಚಂಡಮಾರುತ ಸುಮಾರು ಹತ್ತು ಸಾವಿರ ಜನರನ್ನು ಕೊಂದಿತ್ತು. 2004ರ ಸುನಾಮಿಯಾದ ಮೇಲೆ 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಪ್ರಾಧಿಕಾರ, ಅದರ ಸಹ ಅಧ್ಯಕ್ಷ ಸ್ಥಾನದಲ್ಲಿ ಚುನಾಯಿತ ಪ್ರತಿನಿಧಿ. 2010ರ ಜುಲೈನಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಅಮೆರಿಕದ ಮಾದರಿಯನ್ನು ನಮ್ಮ ಆಡಳಿತಕ್ಕೆ ಹೊಂದಿಸಿ ‘ಇನ್ಸಿಡೆಂಟ್ ರೆಸ್ಪಾನ್ಸ್ ಸಿಸ್ಟಮ್’ ಎಂಬ ಮಾರ್ಗಸೂಚಿ ಹೊರಡಿಸಿತು. ಹಣಕಾಸಿಗೆ ಅಲ್ಲಿ ಪ್ರತ್ಯೇಕ ವಿಭಾಗ, ಇಲ್ಲಿ ಅದು ಸರಬರಾಜು ವಿಭಾಗದ ಒಂದು ಶಾಖೆ. ಇಂಥ ಸಣ್ಣ ಬದಲಾವಣೆಗಳ ನಡುವೆ ಒಂದು ದೊಡ್ಡ ವಿವೇಕವೂ ಇದೆ. ಜಿಲ್ಲಾಧಿಕಾರಿಯನ್ನು ಅದು ‘ಹೊಣೆಗಾರ ಅಧಿಕಾರಿ’ ಎಂದು ಕರೆದು, ಸ್ಥಳದಲ್ಲಿ ನಿಂತು ಕೆಲಸ ನಡೆಸುವ ಇನ್ಸಿಡೆಂಟ್ ಕಮಾಂಡರನ ಹುದ್ದೆಯನ್ನು ಬೇರೆಯೇ ಇಟ್ಟಿದೆ. ಜಿಲ್ಲೆ, ಉಪವಿಭಾಗ, ತಾಲ್ಲೂಕು ಮಟ್ಟಗಳಲ್ಲಿ ತಂಡಗಳನ್ನು ಹೆಸರು ಸಮೇತ ಮೊದಲೇ ಗೊತ್ತುಮಾಡಿರಬೇಕು ಎನ್ನುತ್ತದೆ.

ಈ ಬೇರ್ಪಡಿಕೆಯೇ ನಮ್ಮಲ್ಲಿ ಎಲ್ಲಕ್ಕಿಂತ ಕಡಿಮೆ ಪಾಲನೆಯಾಗುವುದು. ಪ್ರವಾಹದ ದಿನ ಡಿಸಿಯವರ ದಿನಚರಿ ನೋಡಿ. ಬೆಂಗಳೂರಿನಿಂದ ವಿಡಿಯೋ ಕಾನ್ಫರೆನ್ಸ್, ಉಸ್ತುವಾರಿ ಸಚಿವರ ಭೇಟಿ, ಪತ್ರಿಕಾಗೋಷ್ಠಿ, ಪರಿಹಾರದ ಹಣದ ಬಿಡುಗಡೆ, ಶಾಲೆಗೆ ರಜೆ ಕೊಡಬೇಕೆ ಬೇಡವೆ ಎಂಬ ಪ್ರಶ್ನೆ. ಇವೆಲ್ಲ ಆಗಲೇಬೇಕಾದ ಕೆಲಸಗಳು, ಹೊಣೆಗಾರ ಅಧಿಕಾರಿ ಮಾಡಬೇಕಾದವು. ಇದರ ನಡುವೆ ಯಾವ ದೋಣಿ ಯಾವ ಊರಿಗೆ ಹೋಗಬೇಕೆಂದು ಅವರೇ ನಿರ್ಧರಿಸುವುದು ಆಗದ ಮಾತು. ಆದರೂ ಜನ, ಮಾಧ್ಯಮ, ಸರ್ಕಾರ ಎಲ್ಲರೂ ಡಿಸಿಯೇ ಮಣ್ಣಿನಲ್ಲಿ ನಿಂತಿರಬೇಕೆಂದು ಬಯಸುತ್ತಾರೆ. ನಿಲ್ಲದಿದ್ದರೆ ‘ಡಿಸಿ ಎಲ್ಲಿ?’ ಎಂಬ ಶೀರ್ಷಿಕೆ. ನಿಂತರೆ ಕಂಟ್ರೋಲ್ ರೂಮಿನಲ್ಲಿ ತೀರ್ಮಾನ ತೆಗೆದುಕೊಳ್ಳುವವರಿಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಪಕ್ಕದ ಹೋಟೆಲ್ಲಿನ ಕುಟುಂಬ, ನಿಂತಿದ್ದ ವಾಹನಗಳು ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಕೊಚ್ಚಿಹೋದವು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆ ಗ್ರಾಮದ ಮನೆಗಳನ್ನೂ ಹೊಡೆದುಹಾಕಿತು. ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್, ಪೊಲೀಸ್, ಅಗ್ನಿಶಾಮಕ ದಳ, ಬೆಳಗಾವಿಯಿಂದ ಸೇನೆ, ಕಾರವಾರದಿಂದ ನೌಕಾಪಡೆಯ ಮುಳುಗುಗಾರರು, ಸ್ಥಳೀಯ ಮುಳುಗು ತಜ್ಞರು, ಡ್ರೋನ್ ತಂತ್ರಜ್ಞರು ಬಂದರು. ಕೇರಳದ ಲಾರಿಯೊಂದು ಚಾಲಕನ ಸಮೇತ ಕಾಣೆಯಾಗಿತ್ತು, ಹಾಗಾಗಿ ಕೇರಳದ ಜನಪ್ರತಿನಿಧಿಗಳೂ ಸುದ್ದಿವಾಹಿನಿಗಳೂ ಬಂದವು. ಶೋಧ ಮೊದಲು ರಸ್ತೆ ಮೇಲಿನ ಮಣ್ಣಿನಲ್ಲಿ ನಡೆದು ಆಮೇಲೆ ನದಿಯತ್ತ ತಿರುಗಿತು. ನೀರಿನ ಸೆಳೆತ ಮುಳುಗುಗಾರರನ್ನು ಇಳಿಯಗೊಡಲಿಲ್ಲ. ಕೊನೆಗೆ ಗೋವಾದಿಂದ ಡ್ರೆಜ್ಜರ್ ತರಿಸಿ ಸೆಪ್ಟೆಂಬರ್ 25ರಂದು ಲಾರಿಯನ್ನು ಮೇಲೆತ್ತಲಾಯಿತು.

ಕಾರ್ಯಾಚರಣೆ ತಡವಾಯಿತೆಂಬ ದೂರು ಆಗ ಜೋರಾಗಿತ್ತು. ತಡಕ್ಕೆ ಮುಖ್ಯ ಕಾರಣ ಮಳೆಗಾಲದ ಗಂಗಾವಳಿಯೇ ಎಂಬುದು ನನ್ನ ಎಣಿಕೆ. ಆ ಸೆಳೆತಕ್ಕೆ ಯಾವ ಕಮಾಂಡ್ ವ್ಯವಸ್ಥೆಯಲ್ಲೂ ಉತ್ತರವಿಲ್ಲ. ಆದರೆ ಯಾಕೆ ಮೊದಲು ರಸ್ತೆ, ಯಾಕೆ ಈಗ ನದಿ, ಇವತ್ತಿನ ಗುರಿ ಏನು, ನಾಳೆಗೆ ಏನು ಬೇಕು ಎಂಬುದನ್ನು ದಿನಕ್ಕೆರಡು ಸಲ ಒಂದೇ ದನಿಯಲ್ಲಿ ಹೇಳುವವರಿದ್ದರೆ ಅರ್ಧ ಗೊಂದಲ ಇರುತ್ತಿರಲಿಲ್ಲ. ದಡದಲ್ಲಿ ಹಗಲಿರುಳು ಕಾದು ನಿಂತವರಿಗೆ, ಊಹಾಪೋಹ ಬಿಟ್ಟು ನಂಬಲು ಒಂದು ಮಾತು ಸಿಗುತ್ತಿತ್ತು. ಮಾಹಿತಿ ಅಧಿಕಾರಿ ಎಂಬ ಹುದ್ದೆಯನ್ನು ಕಮಾಂಡರನ ಪಕ್ಕದಲ್ಲೇ ಇಟ್ಟಿರುವುದು ಇದಕ್ಕಾಗಿ.

ಅದೇ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಇಳಿಯಿತು. ಸಾವಿನ ಪ್ರಮಾಣ ಶಿರೂರಿಗಿಂತ ಎಷ್ಟೋ ಪಾಲು ಹೆಚ್ಚು. ಸೇತುವೆ ಕೊಚ್ಚಿಹೋಗಿ ಮುಂಡಕ್ಕೈಗೆ ದಾರಿಯೇ ಇರಲಿಲ್ಲ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿ ಆಗಸ್ಟ್ 1ರ ಸಂಜೆಗೆ ಮುಗಿಸಿದರು. ಜೆಸಿಬಿ, ಆಂಬುಲೆನ್ಸ್ ಆಚೆಗೆ ಹೋದವು. ಮರುದಿನ ಇಡೀ ಪ್ರದೇಶವನ್ನು 6 ವಲಯಗಳಾಗಿ ಹಂಚಿ 40 ತಂಡಗಳನ್ನು ಶೋಧಕ್ಕೆ ಇಳಿಸಲಾಯಿತು. ಯಾವ ಮನೆ ಎಲ್ಲಿತ್ತು, ತೋಡು ಯಾವ ಕಡೆ ತಿರುಗುತ್ತಿತ್ತು ಎಂದು ಬಲ್ಲ ಸ್ಥಳೀಯರನ್ನೂ ಅರಣ್ಯ ಸಿಬ್ಬಂದಿಯನ್ನೂ ತಂಡಗಳಲ್ಲಿ ಸೇರಿಸಿಕೊಂಡರು. ವಲಯ ಹಂಚಿಕೆ ಎಂದರೆ ಕೇಳಲು ಸಾಮಾನ್ಯ ಸಂಗತಿ. ಆದರೆ ಒಂದೇ ಜಾಗವನ್ನು ಮೂರು ತಂಡ ಅಗೆದು ಪಕ್ಕದ ಜಾಗವನ್ನು ಯಾರೂ ಮುಟ್ಟದೆ ಬಿಡುವುದನ್ನು ತಪ್ಪಿಸಲು ಬೇರೆ ಉಪಾಯವಿಲ್ಲ.

ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಇನ್ನೊಂದು ಪಾಠ. 2023ರ ನವೆಂಬರ್ 12ರಂದು ಸುರಂಗ ಕುಸಿದು 41 ಕಾರ್ಮಿಕರು ಒಳಗೆ ಸಿಕ್ಕಿಬಿದ್ದರು. ಒಂದೇ ಉಪಾಯದ ಬೆನ್ನು ಹತ್ತಿ ಅದು ಕೈಕೊಟ್ಟಾಗ ಇನ್ನೊಂದನ್ನು ಹುಡುಕುವುದರಲ್ಲಿ ಆರಂಭದ ದಿನಗಳು ಕಳೆದವು. ಆಮೇಲೆ ಐದು ದಾರಿಗಳನ್ನು ಏಕಕಾಲಕ್ಕೆ ಕೈಗೆತ್ತಿಕೊಂಡು ಒಂದೊಂದನ್ನು ಒಂದೊಂದು ಸಂಸ್ಥೆಗೆ ವಹಿಸಿದರು: ಬೆಟ್ಟದ ನೆತ್ತಿಯಿಂದ ಕೊರೆಯುವುದು ಒಬ್ಬರಿಗೆ, ಇನ್ನೊಂದು ತುದಿಯ ಬಾರ್ಕೋಟ್ ಕಡೆಯಿಂದ ಬರುವುದು ಮತ್ತೊಬ್ಬರಿಗೆ. ಎಲ್ಲಕ್ಕಿಂತ ಮುಂದೆ ಹೋಗಿದ್ದ ಆಗರ್ ಯಂತ್ರ ಕೊನೆಯ ಹಂತದಲ್ಲಿ ಮುರಿದು ನಿಂತಾಗ, ಉಳಿದ ಸುಮಾರು 12 ಮೀಟರನ್ನು ಇಲಿಬಿಲದ ಗಣಿಗಾರಿಕೆ ಗೊತ್ತಿದ್ದ ಕಾರ್ಮಿಕರು ಕೈಯಿಂದಲೇ ಕೊರೆದರು. ನವೆಂಬರ್ 28ರ ರಾತ್ರಿ 41 ಮಂದಿಯೂ ಜೀವಂತ ಹೊರಬಂದರು. ಕಾಯ್ದೆಯ ಪುಸ್ತಕದಲ್ಲಾಗಲಿ ಸಂಸ್ಥೆಗಳ ಪಟ್ಟಿಯಲ್ಲಾಗಲಿ ಆ ಕಾರ್ಮಿಕರು ಇರಲಿಲ್ಲ. ಅವರನ್ನು ಕರೆಸಿ ಒಳಗೆ ಬಿಡುವಷ್ಟು ಜಾಗ ವ್ಯವಸ್ಥೆಯಲ್ಲಿತ್ತು ಎಂಬುದು ಅದರ ಹೆಗ್ಗಳಿಕೆ.

ಇಲ್ಲಿಯೇ ಈ ಇಡೀ ಶಾಸ್ತ್ರದ ಮೇಲಿನ ಗಟ್ಟಿ ಟೀಕೆಯೂ ಎದುರಾಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ರಸೆಲ್ ಡೈನ್ಸ್ ಮತ್ತು ಎನ್ರಿಕೊ ಕ್ವಾರಂಟೆಲ್ಲಿ 1963ರಲ್ಲಿ ವಿಪತ್ತು ಸಂಶೋಧನಾ ಕೇಂದ್ರ ಕಟ್ಟಿದಂದಿನಿಂದ ಹೇಳುತ್ತಾ ಬಂದದ್ದು ಒಂದೇ: ವಿಪತ್ತಿನಲ್ಲಿ ಜನ ಕಂಗಾಲಾಗಿ ಓಡುತ್ತಾರೆ, ಅವರನ್ನು ಹಿಡಿತಕ್ಕೆ ತರಲು ಸೈನ್ಯದ ಶಿಸ್ತು ಬೇಕು ಎಂಬುದು ತಪ್ಪು ಕಲ್ಪನೆ. ಮೊದಲ ರಕ್ಷಕರು ಯಾವಾಗಲೂ ಅಕ್ಕಪಕ್ಕದವರೇ. ಹಿಡಿತಕ್ಕಿಂತ ಅವರೊಂದಿಗೆ ಸೇರಿ ಸಮಸ್ಯೆ ಬಿಡಿಸುವುದು ಮುಖ್ಯ. 2006ರಲ್ಲಿ ಬಕ್, ಟ್ರೈನರ್, ಅಗೀರೆ ಎಂಬ ಮೂವರು ವಿದ್ವಾಂಸರು ಈ ಟೀಕೆಯನ್ನು ಇನ್ನಷ್ಟು ಹರಿತ ಮಾಡಿದರು. ಮೊದಲೇ ಪರಸ್ಪರ ಬಲ್ಲ, ಒಂದೇ ತರಬೇತಿಯ ತಂಡಗಳ ನಡುವೆ ಈ ವ್ಯವಸ್ಥೆ ಚೆನ್ನಾಗಿ ನಡೆಯುತ್ತದೆ. ಅದನ್ನೇ ಎಲ್ಲ ಬಗೆಯ ವಿಪತ್ತಿಗೂ, ಎಲ್ಲ ಸಂಸ್ಥೆಗಳಿಗೂ ಸರ್ವರೋಗದ ಮದ್ದಿನಂತೆ ಹಂಚಿದರೆ ನಡೆಯದು ಎಂದರು. ಹಿಂದಿನ ವರ್ಷವಷ್ಟೇ ಕತ್ರೀನಾ ಚಂಡಮಾರುತದಲ್ಲಿ ಅಮೆರಿಕದ ಹೊಸ ರಾಷ್ಟ್ರೀಯ ವ್ಯವಸ್ಥೆ ಮುಗ್ಗರಿಸಿದ್ದನ್ನು ಜಗತ್ತು ಕಂಡಿತ್ತು.

ಈ ಟೀಕೆ ಸರಿ ಎಂದೇ ನಾನು ಭಾವಿಸುತ್ತೇನೆ. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಂದಕಕ್ಕೆ ಬಿದ್ದು 158 ಮಂದಿ ಸತ್ತ ಬೆಳಿಗ್ಗೆ, ಬೆಂಕಿ ಹೊಗೆಗಳ ನಡುವೆ ಮೊದಲು ಇಳಿದವರು ಆ ತಗ್ಗಿನ ಊರವರು. ಬದುಕುಳಿದ 8 ಮಂದಿಗೆ ನೆರವಾದವರಲ್ಲಿ ಅವರಿದ್ದರು. ಆಮೇಲೆ ನೋಡಲೆಂದು ಬಂದ ಗುಂಪು ಇಕ್ಕಟ್ಟಿನ ರಸ್ತೆಯನ್ನು ತುಂಬಿತು. ಊರವರ ಕೈಯೂ ನೋಡುಗರ ಗುಂಪೂ ಒಂದೇ ಅಲ್ಲ. ಎಲ್ಲರನ್ನೂ ಲಾಠಿ ಬೀಸಿ ಓಡಿಸುವ ಕಮಾಂಡರ್ ತನ್ನ ಅತ್ಯುತ್ತಮ ಸಿಬ್ಬಂದಿಯನ್ನೂ ಓಡಿಸುತ್ತಾನೆ. ಒಡಿಶಾ 1999ರ ನಂತರ ಕಲಿತದ್ದು ಇದನ್ನೇ. ಹಳ್ಳಿ ಹಳ್ಳಿಯಲ್ಲಿ ಸ್ವಯಂಸೇವಕರಿಗೆ ಮೊದಲೇ ಕೆಲಸ ಹಂಚಿಟ್ಟಿತು. 2013ರ ಫೈಲಿನ್ ಚಂಡಮಾರುತದ ಮುನ್ನ ಸುಮಾರು 10 ಲಕ್ಷ ಜನರನ್ನು ಸಾಗಿಸಿತು. ಸತ್ತವರು ಕೆಲವೇ ಹತ್ತುಗಳ ಲೆಕ್ಕದಲ್ಲಿದ್ದರು.

ಕಮಾಂಡರ್ ಎಂಬವನೇ ಇರಲಾಗದ ಸಂದರ್ಭಗಳೂ ಇವೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಮೇಲೆ ಕೊಲ್ಹಾಪುರ, ಸಾಂಗ್ಲಿ ಮುಳುಗಿದವು, ಕೆಳಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಮುಳುಗಿದವು. ಕೊಯ್ನಾದಿಂದ ಎಷ್ಟು ನೀರು ಬರುತ್ತಿದೆ, ಆಲಮಟ್ಟಿಯಿಂದ ಎಷ್ಟು ಬಿಡಬೇಕು ಎಂಬುದು ಎರಡು ರಾಜ್ಯಗಳ ಜಗಳವಾಯಿತು. ಎರಡೂ ಅಣೆಕಟ್ಟುಗಳ ಮೇಲೆ ಅಧಿಕಾರವಿರುವ ಒಬ್ಬ ವ್ಯಕ್ತಿ ಇಲ್ಲ, ಇರುವುದೂ ಸಾಧ್ಯವಿಲ್ಲ. ಇಲ್ಲಿ ಬೇಕಾದದ್ದು ಗಂಟೆಗೊಮ್ಮೆ ಒಳಹರಿವು ಹೊರಹರಿವಿನ ಲೆಕ್ಕ, ಅದನ್ನು ನಂಬುವಷ್ಟು ವಿಶ್ವಾಸ, ಮತ್ತು ಮಳೆಗಾಲಕ್ಕೆ ಮುಂಚೆಯೇ ಪರಸ್ಪರರ ಫೋನ್ ನಂಬರ್ ಗೊತ್ತಿರುವ ಎಂಜಿನಿಯರುಗಳು.

ವಿಪತ್ತು ಎಂದರೆ ಪ್ರಕೃತಿಯೇ ತರಬೇಕೆಂದಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಅಂದು ವಿಧಾನಸೌಧದ ಮುಂದೆಯೂ ಕ್ರೀಡಾಂಗಣದಲ್ಲೂ ಸಂಭ್ರಮಾಚರಣೆ ಇತ್ತು. ತಪ್ಪು ಯಾರದೆಂಬುದನ್ನು ನ್ಯಾಯಾಲಯಗಳು ಹೇಳಲಿ. ಘಟನಾ ಆಡಳಿತ ವ್ಯವಸ್ಥೆ ಜಾತ್ರೆ, ಪಂದ್ಯ, ಮೆರವಣಿಗೆಗಳಿಗೂ ಅನ್ವಯಿಸುತ್ತದೆ, ಜನ ಸೇರುವ ಮುಂಚೆಯೇ ಅದು ಜಾರಿಯಲ್ಲಿರಬೇಕು ಎಂಬುದನ್ನು ಮಾತ್ರ ಹೇಳಲೇಬೇಕು. ಆ ಇಡೀ ಪ್ರದೇಶಕ್ಕೆ ಒಂದೇ ಯೋಜನೆ, ಗೇಟು ಮುಚ್ಚಿ, ಕಾರ್ಯಕ್ರಮ ನಿಲ್ಲಿಸಿ ಎನ್ನುವ ಅಧಿಕಾರ ಇರುವ ಒಬ್ಬರು, ಅವರ ಹೆಸರು ಎಲ್ಲ ಸಿಬ್ಬಂದಿಗೂ ಗೊತ್ತಿರುವುದು, ಇಷ್ಟು ಕನಿಷ್ಠ ಅಗತ್ಯ.

ಹಾಗಾದರೆ ಕರ್ನಾಟಕದಲ್ಲಿ ಆಗಬೇಕಾದದ್ದೇನು? ನಮ್ಮಲ್ಲಿ ಸಂಸ್ಥೆಗಳಿಗೆ ಬರವಿಲ್ಲ. 1988ರಲ್ಲಿ ಬರ ನಿಗಾ ಕೋಶವಾಗಿ ಶುರುವಾದದ್ದು ಇಂದು ಮಳೆ ಮಾಪನದಲ್ಲಿ ದೇಶಕ್ಕೇ ಮಾದರಿಯಾದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ರಾಜ್ಯದ ವಿಪತ್ತು ಸ್ಪಂದನಾ ಪಡೆಯೂ ಇದೆ. ಕೊರತೆ ಇರುವುದು ನಡುವಿನ ಹಂತದಲ್ಲಿ. ತಾಲ್ಲೂಕಿನ ತಂಡದಲ್ಲಿ ಯಾರಿದ್ದಾರೆ ಎಂದು ಆ ತಂಡದವರಿಗೇ ಗೊತ್ತಿಲ್ಲದ ಸ್ಥಿತಿ ಹೋಗಬೇಕು. ವರ್ಗಾವಣೆಯಾದಾಗಲೆಲ್ಲ ಪಟ್ಟಿ ಬದಲಾಗಬೇಕು; ಹೊಸಬರು ಬಂದ ವಾರದೊಳಗೆ ಅಗ್ನಿಶಾಮಕ ಠಾಣೆ, ಪೊಲೀಸ್, ತಾಲ್ಲೂಕು ಆಸ್ಪತ್ರೆ, ಬೆಸ್ಕಾಂ ಮೆಸ್ಕಾಂಗಳ ಎಂಜಿನಿಯರುಗಳೊಂದಿಗೆ ಒಮ್ಮೆ ಮುಖಾಮುಖಿ ಕೂರಬೇಕು. ಅಣಕು ಕಾರ್ಯಾಚರಣೆಗಳು ಫೋಟೋಗೆ ನಿಲ್ಲುವಂತಿರಬಾರದು. ನಡುವೆ ಮೊಬೈಲ್ ಜಾಲ ಕಡಿದುಹಾಕಿ, ಮುಖ್ಯ ಅಧಿಕಾರಿಯನ್ನು ಬೇಕೆಂದೇ ಹೊರಗಿಟ್ಟು, ಎರಡನೆಯವರು ಹೇಗೆ ನಡೆಸುತ್ತಾರೆಂದು ನೋಡಬೇಕು. ಸಚಿವರ ಭೇಟಿ ರಕ್ಷಣಾ ಕಾರ್ಯ ಮುಗಿದ ಮೇಲೆ ಮಾತ್ರ ಎಂಬುದನ್ನು ಸರ್ಕಾರವೇ ಬರಹದಲ್ಲಿ ಒಪ್ಪಬೇಕು. ಪ್ರತಿ ದೊಡ್ಡ ಘಟನೆಯ ನಂತರ, ಯಾರಿಗೂ ಶಿಕ್ಷೆ ಕೊಡುವ ಉದ್ದೇಶವಿಲ್ಲದ ಒಂದು ವಿವರವಾದ ವರದಿ ಬರೆದು ಜನರ ಮುಂದಿಡಬೇಕು. ಮ್ಯಾಂಚೆಸ್ಟರಿನ ನಿಮಿಷ ನಿಮಿಷದ ವಿವರ ನಮಗೆ ಗೊತ್ತಿರುವುದು ಅವರು ಬರೆದಿಟ್ಟದ್ದರಿಂದ. ನಮ್ಮ ಘಟನೆಗಳ ಬಗ್ಗೆ ಅಂಥ ದಾಖಲೆ ಸಾಮಾನ್ಯ ಓದುಗನ ಕೈಗೆ ಸಿಗುವುದು ಅಪರೂಪ.

ಓದುಗರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ತಾಲ್ಲೂಕು ಕಚೇರಿಗೋ ಗ್ರಾಮ ಪಂಚಾಯಿತಿಗೋ ಹೋದಾಗ, ನಮ್ಮ ಊರಿಗೆ ನೀರು ನುಗ್ಗಿದರೆ ಅಥವಾ ಗುಡ್ಡ ಜರಿದರೆ ಮೊದಲು ತೀರ್ಮಾನ ಕೊಡುವವರು ಯಾರು, ಅವರು ಇಲ್ಲದಿದ್ದರೆ ಮುಂದಿನವರು ಯಾರು ಎಂದು ಕೇಳಿ. ಹೆಸರು ಮತ್ತು ಫೋನ್ ನಂಬರ್ ಕೊಡಲು ಹೇಳಿ. ಉತ್ತರ ಸಿಗದಿದ್ದರೆ ಅದನ್ನು ಗ್ರಾಮಸಭೆಯಲ್ಲಿ ಎತ್ತಿ, ಮಳೆಗಾಲ ಶುರುವಾಗುವ ಮೊದಲೇ ಎತ್ತಿ.